ಕಸಬು ಕಲಿಸುವವರ ಸನ್ನದು

(ತುಮಕೂರಿನಲ್ಲಿ, ಗುಬ್ಬಿ ಮತ್ತು ಕುಣಿಗಲು ತಾಲ್ಲೂಕುಗಳ ಉಪಾಧ್ಯಾಯರೂ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಆರಿಸಿಕೊಂಡಿರುವ ವಿಷಯವು ರಸವತ್ತಾದುದಲ್ಲ. ಕಾವ್ಯವಿಮರ್ಶೆಯನ್ನೋ ನಾಡಿನ ಗತವೈಭವವನ್ನೋ ಕೇಳುವ ಆಸೆಯಿಂದ ಬಂದವರಿಗೆ ನಿರಾಶೆಯಾಗುವುದು ನಿಶ್ಚಯ. ಕಸಬನ್ನು ಕಲಿಸುವ ಉಪಾಧ್ಯಾಯನಿಗೆ ಯಾವ ಯೋಗ್ಯತೆಯಿರಬೇಕು, ಆ ಯೋಗ್ಯತೆಯನ್ನು ಪರೀಕ್ಷಿಸತಕ್ಕವರು ಯಾರು, ಪರೀಕ್ಷಿಸಿ ಕೊಟ್ಟ ಪತ್ರಕ್ಕೆ ಏನು ಬೆಲೆ ಎಂಬುದಷ್ಟೇ ನನ್ನ ವಿಷಯ. ಆದರೆ ನಿಮ್ಮಲ್ಲಿ ಅನೇಕರ ಮಕ್ಕಳ ಅನ್ನದ ಪ್ರಶ್ನೆಯು ಇದರೊಳಗೆ ಅಡಗಿದೆ. ಆದುದರಿಂದ ಸ್ವಲ್ಪ ತಾಳ್ಮೆಯನ್ನು ಬೇಡುತ್ತೇನೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲನ್ನು ಇಲ್ಲಿರುವವರೆಲ್ಲರೂ ಬಲ್ಲಿರಿ. ದನಗಳು ಮೇಯುತ್ತಿದ್ದ ಆ ಕಾವಲಿನ 615 ಎಕರೆ ನೆಲದಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯವರ ಹೆಲಿಕಾಪ್ಟರು ಕಾರ್ಖಾನೆಗೆ 2016ನೆಯ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ನೆಯ ಫೆಬ್ರವರಿ 6ರಂದು ಪ್ರಾರಂಭೋತ್ಸವವಾಯಿತು. ಮೊದಲು ವರ್ಷಕ್ಕೆ 30, ಕ್ರಮೇಣ 60, ಆಮೇಲೆ 90 ಯಂತ್ರಗಳನ್ನು ಅಲ್ಲಿ ಕಟ್ಟಬೇಕೆಂಬುದು ಸಂಕಲ್ಪ. ಅದೇ ದಿನವೇ ತುಮಕೂರಿನ ಕೈಗಾರಿಕಾ ಪಟ್ಟಣಕ್ಕೂ ಅಸ್ತಿಭಾರವನ್ನು ಹಾಕಿದರು. ವಸಂತನರಸಾಪುರದಲ್ಲಿ ಕಾರ್ಖಾನೆಗಳ ಸಾಲು ಬೆಳೆದಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಬಾಗಿಲು ನಮ್ಮ ಊರಿನಲ್ಲಿದೆಯೆಂದಮಾತ್ರಕ್ಕೆ ನಮ್ಮ ಹುಡುಗರು ಒಳಗೆ ಹೋದಂತಾಗಲಿಲ್ಲ. ಹಾರುವ ಯಂತ್ರದ ತಗಡಿಗೆ ರಿವೆಟ್ಟನ್ನು ಹೊಡೆಯುವ ಕೈಯು ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಚೇಳೂರಿನ ಹುಡುಗನಿಗೋ ನಿಟ್ಟೂರಿನ ಹುಡುಗನಿಗೋ ಆ ಕೈಯನ್ನು ಪಳಗಿಸಿಕೊಡುವವರು ಯಾರು? ಅವನ ಬೋಧಕನೇ ಅಲ್ಲವೇ? ಹಾಗಾದರೆ ಆ ಬೋಧಕನ ಕೈಯನ್ನು ಪರೀಕ್ಷಿಸಿದವರು ಯಾರು?

ಸನ್ನದು ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ವಕೀಲರಿಗೆ ಸಂದಿದೆ. ವೈದ್ಯರಿಗೂ ಅಂಥದೇ ಒಂದು ದಾಖಲೆಯುಂಟು. ಉಪಾಧ್ಯಾಯನಿಗೆ ಅಂತಹ ಸನ್ನದು ಈ ದೇಶದಲ್ಲಿ ಇಲ್ಲ. ಇರುವುದು ಅರ್ಹತಾಪತ್ರಗಳು ಮಾತ್ರ. ಅಕ್ಷರವಿದ್ಯೆಯನ್ನು ಕಲಿಸುವವರ ಅರ್ಹತೆಯನ್ನು 1993ರ ಶಾಸನದಿಂದ ಹುಟ್ಟಿದ ರಾಷ್ಟ್ರೀಯ ಉಪಾಧ್ಯಾಯ ಶಿಕ್ಷಣ ಪರಿಷತ್ತು ಗೊತ್ತುಮಾಡುತ್ತದೆ. 2009ರ ಶಿಕ್ಷಣದ ಹಕ್ಕಿನ ಶಾಸನವು ಬಂದಮೇಲೆ, 2010ನೆಯ ಆಗಸ್ಟಿನ ಪ್ರಕಟಣೆಯಿಂದ, 1ರಿಂದ 8ನೆಯ ತರಗತಿಯವರೆಗೆ ಪಾಠ ಹೇಳುವವರು ಟಿ.ಇ.ಟಿ. ಎಂಬ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕಾಯಿತು. 2014ರ ನಿಯಮಗಳಿಂದ ಬಿ.ಎಡ್. ವ್ಯಾಸಂಗವು ಎರಡು ವರ್ಷಗಳದಾಯಿತು. ಇವುಗಳಲ್ಲಿ ಹೆಚ್ಚಿನವನ್ನು ನೀವೆಲ್ಲರೂ ಅನುಭವಿಸಿ ಬಂದವರು, ನಾನು ವಿಸ್ತರಿಸಬೇಕಾದುದಿಲ್ಲ. ಪಾಲಿಟೆಕ್ನಿಕ್ಕಿನ ಅಧ್ಯಾಪಕನ ದಾರಿಯು ಬೇರೆ: ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನವರು ಅವನಿಂದ ಇಂಜಿನಿಯರಿಂಗ್ ಪದವಿಯನ್ನೂ ಮೊದಲ ದರ್ಜೆಯನ್ನೂ ಕೇಳುತ್ತಾರೆ. ಅವನು ಒಂದು ದಿನವಾದರೂ ಕಾರ್ಖಾನೆಯಲ್ಲಿ ಬೆವರು ಸುರಿಸಿದ್ದಾನೆಯೇ ಎಂಬುದನ್ನು ಮಾತ್ರ ಆ ಮೊದಲ ಮೆಟ್ಟಿಲಿನಲ್ಲಿ ಯಾರೂ ಕೇಳುವುದಿಲ್ಲ. ಇದು ವಿಚಿತ್ರವೆಂದು ನನ್ನ ಮತ.

ಇನ್ನು ಕೈಗಾರಿಕಾ ತರಬೇತಿ ಸಂಸ್ಥೆಯ, ಎಂದರೆ ಐ.ಟಿ.ಐ.ಯ ಬೋಧಕನ ವಿಷಯ. ನಮ್ಮ ರಾಜ್ಯದ ಸರ್ಕಾರಿ ಸಂಸ್ಥೆಗಳಲ್ಲಿ ಈ ಹುದ್ದೆಗೆ 'ಕಿರಿಯ ತರಬೇತಿ ಅಧಿಕಾರಿ' ಎಂದು ಹೆಸರು. ಮೇಷ್ಟ್ರು ಎಂಬ ಹೆಸರಿಗಿಂತ ಅಧಿಕಾರಿ ಎಂಬ ಹೆಸರು ದೊಡ್ಡದೆಂದು ಭಾವಿಸುವ ಕಾಲವಿದು, ಇರಲಿ. ಇವನಿಗೆ ವಿಧಿಸಿರುವ ಅರ್ಹತೆಯು ನಿಜವಾಗಿ ವಿವೇಕದಿಂದ ಕೂಡಿದ್ದು. ಮೂರು ದಾರಿಗಳುಂಟು. ಪದವೀಧರನಾದರೆ ಒಂದು ವರ್ಷದ ಅನುಭವ. ಮೂರು ವರ್ಷದ ಡಿಪ್ಲೊಮಾ ಪಡೆದವನಾದರೆ ಎರಡು ವರ್ಷದ ಅನುಭವ. ಅದೇ ಕಸಬಿನಲ್ಲಿ ಐ.ಟಿ.ಐ. ಪ್ರಮಾಣಪತ್ರವನ್ನೋ ಶಿಷ್ಯವೃತ್ತಿಯ, ಎಂದರೆ ಅಪ್ರೆಂಟಿಸ್‌ಗಿರಿಯ, ಪ್ರಮಾಣಪತ್ರವನ್ನೋ ಪಡೆದವನಾದರೆ ಮೂರು ವರ್ಷದ ಅನುಭವ. ಓದು ಕಡಮೆಯಾದಷ್ಟೂ ಅನುಭವವು ಹೆಚ್ಚಿರಬೇಕೆಂಬ ತ್ರಾಸಿನ ನ್ಯಾಯ. ಈ ಮೂರರಲ್ಲಿ ಯಾವ ದಾರಿಯಿಂದ ಬಂದವನಿಗೂ ಇನ್ನೊಂದು ಪತ್ರವು ಆವಶ್ಯಕ: ಕುಶಲಕರ್ಮ ಬೋಧಕರ ರಾಷ್ಟ್ರೀಯ ಪ್ರಮಾಣಪತ್ರ. ಅದನ್ನು ಕೊಡಿಸುವ ಒಂದು ವರ್ಷದ ವ್ಯಾಸಂಗಕ್ಕೆ ಜನರು ಸಿ.ಐ.ಟಿ.ಎಸ್. ಎನ್ನುತ್ತಾರೆ. ಅಲ್ಲಿ ಕಸಬಿನ ಶಾಸ್ತ್ರವನ್ನೂ ಅಭ್ಯಾಸವನ್ನೂ ಮತ್ತೆ ತಿದ್ದುವುದಲ್ಲದೆ, ಪಾಠ ಹೇಳುವ ಕ್ರಮವನ್ನೂ ಕಲಿಸುತ್ತಾರೆ.

ನಿಯಮದಲ್ಲಿ ಇನ್ನೂ ಒಂದು ಮಾತಿದೆ. ಬಹುಜನರು ಅದನ್ನು ಗಮನಿಸಿಲ್ಲ. ಒಂದು ಘಟಕಕ್ಕೆ ಇಬ್ಬರು ಬೋಧಕರು ಬೇಕಾದಾಗ ಒಬ್ಬನು ಪದವಿಯನ್ನೋ ಡಿಪ್ಲೊಮಾವನ್ನೋ ಪಡೆದವನಾಗಿರಬೇಕು, ಮತ್ತೊಬ್ಬನು ಐ.ಟಿ.ಐ.ಯಲ್ಲಿ ಅಥವಾ ಶಿಷ್ಯವೃತ್ತಿಯಲ್ಲಿ ಬೆಳೆದು ಬಂದವನೇ ಆಗಿರಬೇಕು. ಬೋಧಕ ಪ್ರಮಾಣಪತ್ರವು ಇಬ್ಬರಿಗೂ ಇರಬೇಕು. ಪುಸ್ತಕವನ್ನು ಬಲ್ಲವನನ್ನೂ ಕಬ್ಬಿಣವನ್ನು ಬಲ್ಲವನನ್ನೂ ಒಂದೇ ನೊಗಕ್ಕೆ ಕಟ್ಟಿದ ಈ ನಿಯಮವನ್ನು ಬರೆದವರಿಗೆ ನನ್ನ ನಮಸ್ಕಾರ. ನಿಯಮವನ್ನು ಬರೆಯುವುದು ಬೇರೆ, ಎತ್ತುಗಳನ್ನು ಹೂಡುವುದು ಬೇರೆ. ಬೋಧಕರ ಜಾಗಗಳು ಖಾಲಿಯಾಗಿ ಬಿದ್ದಾಗ, ಇರುವ ಒಬ್ಬನೇ ಎರಡು ಘಟಕಗಳನ್ನು ನೋಡಿಕೊಳ್ಳುವಾಗ, ಈ ಸೂಕ್ಷ್ಮವಾದ ಏರ್ಪಾಡು ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ಈ ವ್ಯವಸ್ಥೆಯ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಅದರಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ದಿನವಿದೆ. ಎರಡನೆಯ ಮಹಾಯುದ್ಧವು ಮುಗಿದಾಗ, ಸೈನ್ಯದಿಂದ ಮರಳಿದವರಿಗೆ ಜೀವನೋಪಾಯವನ್ನು ಕಲ್ಪಿಸುವುದಕ್ಕಾಗಿ 1945ರಲ್ಲಿ ಕೇಂದ್ರದಲ್ಲಿ ಒಂದು ನಿರ್ದೇಶನಾಲಯವನ್ನು ತೆರೆದರು. ಕಲಿಸುವವರಿಲ್ಲದೆ ಕಲಿಸುವುದೆಂತು ಎಂದು ಕಂಡುಕೊಂಡು 1948ರಲ್ಲಿ ಬಿಲಾಸಪುರದ ಬಳಿಯ ಕೋನಿಯಲ್ಲಿ ಬೋಧಕರಿಗಾಗಿಯೇ ಒಂದು ಕೇಂದ್ರ ವಿದ್ಯಾಲಯವನ್ನು ಸ್ಥಾಪಿಸಿದರು. ಕುಶಲಕರ್ಮಿಗಳ ತರಬೇತಿಯ ಯೋಜನೆಯು ಬಂದದ್ದು 1950ರಲ್ಲಿ. ಮೊದಲು ಬೋಧಕನು, ಆಮೇಲೆ ಶಾಲೆ. ಈ ಕ್ರಮವನ್ನು ಅಂದು ಪಾಲಿಸಿದ್ದರು. ಇಂದು ನಾವು ಮೊದಲು ಕಟ್ಟಡವನ್ನು ಕಟ್ಟಿ, ಆಮೇಲೆ ಯಂತ್ರಗಳನ್ನು ತರಿಸಿ, ಕೊನೆಗೆ ಬೋಧಕನನ್ನು ಹುಡುಕುತ್ತೇವೆ.

ಬಳಿಕ, ನಮ್ಮ ಮಂಗಳೂರಿನವರಾದ ಬಿ. ಶಿವರಾಯರ ಅಧ್ಯಕ್ಷತೆಯ ಸಮಿತಿಯು ವಿಚಾರಮಾಡಿ ಕೊಟ್ಟ ಸಲಹೆಯ ಮೇರೆಗೆ, ಈ ತರಬೇತಿ ಸಂಸ್ಥೆಗಳ ದಿನನಿತ್ಯದ ಆಡಳಿತವನ್ನು ಕೇಂದ್ರದಿಂದ ರಾಜ್ಯಗಳಿಗೆ ಒಪ್ಪಿಸಲಾಯಿತು. ಯಾವ ದಿನ ಬಲ್ಲಿರಾ? 1956ನೆಯ ನವಂಬರು 1! ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾದ ದಿನ. ಅದೇ ಬೆಳಗ್ಗೆ ಕಸಬಿನ ಶಾಲೆಗಳ ಬೀಗದಕೈಯೂ ನಮ್ಮ ಕೈಗೆ ಬಂದಿತು. ಅಲ್ಲಿಯವರೆಗೆ ಧಾರವಾಡದ ಚಿತ್ರಕಲೆಯ ಮೇಷ್ಟ್ರು ಮುಂಬಯಿಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳ ಪತ್ರವನ್ನು ತೋರಿಸಬೇಕಾಗಿತ್ತು. ಮಂಗಳೂರಿನವನು ಮದರಾಸು ಸರ್ಕಾರದ ತಾಂತ್ರಿಕ ಪರೀಕ್ಷೆಯ ಪತ್ರವನ್ನು ಹಿಡಿದಿರಬೇಕಾಗಿತ್ತು. ಒಂದೇ ನುಡಿಯ ಮಕ್ಕಳಿಗೆ ಕಲಿಸುವವರು ಬೇರೆ ಬೇರೆ ರಾಜಧಾನಿಗಳ ಮೊಹರುಗಳನ್ನು ಕಾಯುತ್ತಿದ್ದರು. ಆಡಳಿತವು ರಾಜ್ಯಕ್ಕೆ ಬಂದರೂ ಅರ್ಹತೆಯ ಮಟ್ಟವನ್ನು ಗೊತ್ತುಮಾಡುವ ಅಧಿಕಾರವು ಕೇಂದ್ರದಲ್ಲಿಯೇ ಉಳಿಯಿತು. 1956ರಲ್ಲಿ ಹುಟ್ಟಿದ ರಾಷ್ಟ್ರೀಯ ಮಂಡಲಿಯು ಆ ಕೆಲಸವನ್ನು ಮಾಡುತ್ತಿತ್ತು. 2018ರಲ್ಲಿ ಪ್ರಕಟವಾದ ಹೊಸ ಪರಿಷತ್ತಿನಲ್ಲಿ ಅದು ಲೀನವಾಯಿತು. ಮಟ್ಟವು ದೇಶಕ್ಕೆಲ್ಲ ಒಂದೇ ಇರುವುದು ತಪ್ಪಲ್ಲ. ಇಲ್ಲಿ ಕಲಿತ ಫಿಟ್ಟರನು ಪುಣೆಯಲ್ಲಿಯೂ ಫಿಟ್ಟರನೇ ಆಗಿರಬೇಕಷ್ಟೆ. ಆದರೆ ಕಲಿಸುವ ಭಾಷೆಯೂ ದೇಶಕ್ಕೆಲ್ಲ ಒಂದೇ ಆಗಲಾರದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಸನ್ನದು ಬೇಕೇ ಬೇಡವೇ ಎಂಬ ಮೂಲಪ್ರಶ್ನೆಗೆ ಈಗ ಬರೋಣ. ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಹತ್ತಿರ, ಕೈದಾಳವೆಂಬ ಗ್ರಾಮವಿದೆ. ಜಕಣಾಚಾರಿಯ ಊರೆಂದು ಪ್ರತೀತಿ. ಕಥೆಯನ್ನು ನೀವು ಮಕ್ಕಳಿಗೆ ಎಷ್ಟು ಸಲ ಹೇಳಿರುವಿರೋ! ಬೇಲೂರಿನಲ್ಲಿ ದೇವರ ಪ್ರತಿಮೆಯನ್ನು ಮುಗಿಸಿ ನಿಂತ ಆಚಾರ್ಯನಿಗೆ, ಎಲ್ಲಿಂದಲೋ ಬಂದ ಹುಡುಗನೊಬ್ಬನು ಶಿಲೆಯಲ್ಲಿ ದೋಷವಿದೆಯೆಂದನು. ದೋಷವಿದ್ದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಆಚಾರ್ಯನು ಪಣತೊಟ್ಟನು. ಮೈಗೆಲ್ಲ ಗಂಧವನ್ನು ಬಳಿದರು. ಎಲ್ಲ ಕಡೆಯೂ ಒಣಗಿತು, ನಾಭಿಯ ಬಳಿ ಮಾತ್ರ ಹಸಿಯಾಗಿಯೇ ಇತ್ತು. ಅಲ್ಲಿ ಉಳಿಯಿಟ್ಟು ಹೊಡೆದಾಗ ನೀರೂ ಕಪ್ಪೆಯೂ ಹೊರಬಂದವು. ಜಕಣಾಚಾರಿಯು ಇತಿಹಾಸಪುರುಷನೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಸಂದೇಹವುಂಟು. ನನಗೆ ಬೇಕಾದುದು ಕಥೆಯ ನ್ಯಾಯ. ಆ ಹುಡುಗನನ್ನು 'ನಿನ್ನ ಗುರುವಾರು, ನಿನ್ನ ಪತ್ರವೆಲ್ಲಿ' ಎಂದು ಯಾರೂ ಗದರಿಸಿ ಕಳುಹಿಸಲಿಲ್ಲ. ಹಾಗೆಂದು ಅವನ ಬಾಯಿಮಾತನ್ನೇ ನಂಬಲೂ ಇಲ್ಲ. ಗಂಧವನ್ನು ಬಳಿದು ನೋಡಿದರು. ಎಲ್ಲರ ಕಣ್ಣೆದುರಿಗೆ, ಅದೇ ಕಲ್ಲಿನ ಮೇಲೆ, ಪರೀಕ್ಷೆ ನಡೆಯಿತು.

ಪತ್ರವೇ ಬೇಡ, ಅನುಭವವೇ ಸಾಕು ಎನ್ನುವವರು ಹಲವರಿದ್ದಾರೆ. ಕುಣಿಗಲಿನ ಕುದುರೆಯ ಫಾರಮ್ಮು ಟಿಪ್ಪುವಿನ ಕಾಲದಿಂದ ಹೆಸರಾದುದು. ಕುದುರೆಗೆ ಲಾಳ ಹೊಡೆಯುವವನು ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾನೆಂದು ಕುದುರೆ ಕೇಳುವುದಿಲ್ಲ; ಮೊಳೆಯು ಮಾಂಸಕ್ಕೆ ತಗುಲಿದರೆ ಒದೆಯುತ್ತದೆ, ಅಷ್ಟೆ. ನಿಜ. ಕೆಲಸ ಮಾಡುವವನಿಗೆ ಕುದುರೆಯ ಒದೆತವೇ ಪರೀಕ್ಷೆ. ಆದರೆ ಕೆಲಸವನ್ನು ಕಲಿಸುವವನ ತಪ್ಪಿಗೆ ಒದೆತವನ್ನು ತಿನ್ನುವವನು ಶಿಷ್ಯನು. ಇಲ್ಲಿಯೇ ಭೇದವಿರುವುದು. ತಿರುಗುತ್ತಿರುವ ಲೇತಿನ ಬಳಿ ಸಡಿಲವಾದ ತೋಳಿನ ಅಂಗಿಯನ್ನು ತೊಟ್ಟು ನಿಂತ ಹದಿನಾರು ವರ್ಷದ ಹುಡುಗನನ್ನು ಕಂಡೊಡನೆ ಗದರಬೇಕಾದವನು ಬೋಧಕನು. ಅವನು ಗದರದಿದ್ದರೆ ಬೆರಳು ಹೋಗುತ್ತದೆ. ಬೆರಳು ಹೋದಮೇಲೆ ಯಾವ ವಿಚಾರಣೆಯೂ ಅದನ್ನು ಮರಳಿ ತಾರದು. ಸನ್ನದಿಗೆ ಬೇರೆ ಯಾವ ಕಾರಣವೂ ಇಲ್ಲದಿದ್ದರೂ ಇದೊಂದೇ ಸಾಕೆಂದು ಭಾವಿಸುತ್ತೇನೆ.

ಅಲ್ಲದೆ, ಕೈಗೆ ಬಂದುದೆಲ್ಲ ಬಾಯಿಗೆ ಬರುವುದಿಲ್ಲ. ವರ್ನಿಯರ್ ಅಳತೆಗೋಲನ್ನು ಎತ್ತಿಕೊಳ್ಳಿರಿ. ಮುವ್ವತ್ತು ವರ್ಷ ಕೆಲಸಮಾಡಿದ ಟರ್ನರನು ಅದನ್ನು ನೋಡಿದೊಡನೆ 24.36 ಎಂದು ಹೇಳುತ್ತಾನೆ. ಹೇಗೆ ಹೇಳಿದೆಯೆಂದು ಹುಡುಗನು ಕೇಳಿದರೆ, 'ನೋಡಿದರೆ ಗೊತ್ತಾಗುತ್ತದೆ' ಎಂಬುದೇ ಉತ್ತರ. ಮೇಲಿನ 49 ಮಿಲಿಮೀಟರನ್ನು ಕೆಳಗಿನ ಪಟ್ಟಿಯಲ್ಲಿ 50 ಭಾಗ ಮಾಡಿದೆ; ಆದುದರಿಂದ ಕೆಳಗಿನ ಒಂದೊಂದು ಮನೆಯೂ ಮೇಲಿನ ಮನೆಗಿಂತ 0.02 ಮಿಲಿಮೀಟರು ಚಿಕ್ಕದು. ಯಾವ ಗೆರೆಗೆ ಯಾವ ಗೆರೆ ಕೂಡಿತೋ ಅದನ್ನು ಎಣಿಸಿದರೆ ಉಳಿದ ಅಳತೆ ದೊರೆಯುತ್ತದೆ. ಇದನ್ನು ಹಲಗೆಯ ಮೇಲೆ ಬರೆದು, ಪಟ್ಟಿಯನ್ನು ದೊಡ್ಡದಾಗಿ ಕಾಗದದಲ್ಲಿ ಕತ್ತರಿಸಿ ಸರಿಸಿ ತೋರಿಸಿ, ಹುಡುಗನ ಕೈಯಿಂದಲೇ ಓದಿಸಿ, ತಪ್ಪಿದಲ್ಲಿ ತಿದ್ದಿ, ಮರುದಿನ ಮತ್ತೆ ಕೇಳುವುದು ಬೇರೊಂದು ವಿದ್ಯೆ. ಸಿದ್ಧಗೊಳಿಸುವುದು, ತೋರಿಸುವುದು, ಮಾಡಿಸುವುದು, ಪರೀಕ್ಷಿಸುವುದು ಎಂಬ ನಾಲ್ಕು ಹೆಜ್ಜೆಗಳನ್ನು ಬೋಧಕರ ವ್ಯಾಸಂಗದಲ್ಲಿ ಕಲಿಸುವುದು ಇದಕ್ಕಾಗಿಯೇ. ಇದಕ್ಕೆ ಪ್ರತಿಯಾಗಿ, ಈ ನಾಲ್ಕು ಹೆಜ್ಜೆಗಳನ್ನು ಬಾಯಿಪಾಠ ಮಾಡಿ ಪತ್ರವನ್ನು ಸಂಪಾದಿಸಿ, ಅರವನ್ನು ಹಿಡಿದರೆ ಕಬ್ಬಿಣವು ಗುಡ್ಡದಂತೆ ಉಬ್ಬುವ ಬೋಧಕನೂ ಇದ್ದಾನೆ. ಹುಡುಗರು ಅವನನ್ನು ಎರಡೇ ದಿನಗಳಲ್ಲಿ ತಿಳಿದುಕೊಳ್ಳುತ್ತಾರೆ.

ಜರ್ಮನಿಯವರು ಈ ತೊಡಕನ್ನು ಬಹುಕಾಲದ ಹಿಂದೆಯೇ ಬಿಡಿಸಿದರು. ಅಲ್ಲಿ ಕಸಬಿನ ಒಡೆಯನಾಗಿ 'ಮೈಸ್ಟರ್' ಎನಿಸಬೇಕಾದವನ ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ: ಕೈಕೆಲಸ, ಕಸಬಿನ ಶಾಸ್ತ್ರ, ಲೆಕ್ಕಪತ್ರ ಮತ್ತು ಕಾನೂನು, ನಾಲ್ಕನೆಯದು ಶಿಷ್ಯರಿಗೆ ಕಲಿಸುವ ವಿದ್ಯೆ. ಕಲಿಸಲು ಬಾರದವನು ಆ ಪದವಿಗೆ ಏರಲಾರನು. ಈ ಬಿಗಿಯು ಹೆಚ್ಚಾಯಿತೆಂದು, ಕಾರ್ಖಾನೆಗಳಲ್ಲಿ ಶಿಷ್ಯರನ್ನು ತರಬೇತು ಮಾಡುವವರು ತೇರ್ಗಡೆಯಾಗಬೇಕಾದ ಪರೀಕ್ಷೆಯನ್ನು 2003ರಲ್ಲಿ ಕೆಲಕಾಲ ನಿಲ್ಲಿಸಿ ನೋಡಿದರು. ಹೆಚ್ಚು ಅಂಗಡಿಗಳು ಹೆಚ್ಚು ಹುಡುಗರನ್ನು ಸೇರಿಸಿಕೊಳ್ಳಲಿ ಎಂಬುದು ಆಶಯ. 2009ರಲ್ಲಿ ಅದನ್ನು ಮರಳಿ ಜಾರಿಗೆ ತಂದರು. 2004ರಲ್ಲಿ ಐವತ್ತಕ್ಕೂ ಹೆಚ್ಚು ಕಸಬುಗಳಿಗೆ ಮೈಸ್ಟರ್ ಪದವಿಯ ಕಡ್ಡಾಯವನ್ನು ತೆಗೆದವರು, 2020ರಲ್ಲಿ ಅವುಗಳಲ್ಲಿ ಹನ್ನೆರಡಕ್ಕೆ ಮತ್ತೆ ಕಡ್ಡಾಯ ಮಾಡಿದರು. ಅಮೆರಿಕೆಯಲ್ಲಿ 1917ರ ಸ್ಮಿತ್-ಹ್ಯೂಸ್ ಶಾಸನದ ಕಾಲದಿಂದಲೂ ಕಸಬಿನ ಮೇಷ್ಟ್ರ ಸನ್ನದನ್ನು ಒಂದೊಂದು ಸಂಸ್ಥಾನವೂ ತನ್ನದೇ ಕ್ರಮದಲ್ಲಿ ಕೊಡುತ್ತ ಬಂದಿದೆ. ಅನೇಕ ಕಡೆಗಳಲ್ಲಿ ಕಸಬಿನಲ್ಲಿ ಕಳೆದ ವರ್ಷಗಳನ್ನೇ ಅರ್ಹತೆಯೆಂದು ಎಣಿಸಿ, ಮೊದಲು ತಾತ್ಕಾಲಿಕವಾದ ಸನ್ನದನ್ನು ಕೊಟ್ಟು, ಪಾಠ ಹೇಳುತ್ತಲೇ ಬೋಧನಕ್ರಮವನ್ನು ಕಲಿಯಲು ಅವಕಾಶ ಮಾಡಿಕೊಡುತ್ತಾರೆ. ಈ ಕೊನೆಯ ಮಾತು ನಮಗೆ ಬಹಳ ಬೇಕಾದುದು.

ಏಕೆನ್ನುವಿರೋ? ಲೆಕ್ಕ ಹಾಕಿರಿ. ಹದಿನಾರಕ್ಕೆ ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗನು ಎರಡು ವರ್ಷ ಫಿಟ್ಟರ್ ಕೆಲಸವನ್ನು ಕಲಿತು, ಮೂರು ವರ್ಷ ವಸಂತನರಸಾಪುರದಲ್ಲಿ ದುಡಿದು, ಇಪ್ಪತ್ತೊಂದನೆಯ ವಯಸ್ಸಿಗೆ ಕೈ ಪಳಗಿಸಿಕೊಂಡನೆಂದು ಇಟ್ಟುಕೊಳ್ಳೋಣ. ಅಷ್ಟು ಹೊತ್ತಿಗೆ ಮನೆಯು ಅವನ ಸಂಬಳವನ್ನು ನೆಚ್ಚಿಕೊಂಡಿರುತ್ತದೆ. ತಂಗಿಯ ಮದುವೆಯ ಮಾತು ನಡೆದಿರುತ್ತದೆ. ಬೋಧಕನಾಗಬೇಕಾದರೆ ಒಂದು ವರ್ಷ ಸಂಬಳವನ್ನು ಬಿಟ್ಟು ವಿದ್ಯಾರ್ಥಿಯಾಗಿ ಕುಳಿತುಕೊ ಎಂದರೆ ಅವನು ಕುಳಿತಾನೇ? ಬೋಧಕ ತರಬೇತಿಯ ರಾಷ್ಟ್ರೀಯ ಸಂಸ್ಥೆಗಳು ನಮ್ಮ ಬೆಂಗಳೂರಿನಲ್ಲಿವೆ. ಒಂದು, 1971ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಫೋರ್‌ಮನ್ನರ ತರಬೇತಿಗೆಂದು ಹುಟ್ಟಿದ್ದು, ಯಶವಂತಪುರದ ಕಡೆ ತುಮಕೂರು ರಸ್ತೆಯ ಮೇಲೆಯೇ ಇದೆ. ಸ್ತ್ರೀಯರಿಗಾಗಿ ಇನ್ನೊಂದು ಹೊಸೂರು ರಸ್ತೆಯಲ್ಲಿದೆ. ತುಮಕೂರಿನವರಿಗೆ ರೈಲಿನ ದಾರಿ. ಕುಣಿಗಲಿನವರಿಗೂ 2017ರಿಂದ ರೈಲುಂಟು. ಹತ್ತಿರವಿರುವ ನಮಗೇ ಕಷ್ಟವೆಂದಮೇಲೆ ಬೀದರಿನವನ, ರಾಯಚೂರಿನವನ ಪಾಡೇನು? ಅನುಭವಸ್ಥ ಬೋಧಕರು ವರ್ಷವಿಡೀ ಕುಳಿತುಕೊಳ್ಳದೆ, ಹಿಂದೆ ಕಲಿತುದನ್ನು ಪರೀಕ್ಷೆಯಲ್ಲಿ ತೋರಿಸಿ ಪತ್ರವನ್ನು ಪಡೆಯುವ ದಾರಿಯನ್ನೂ ಸರ್ಕಾರವು ತೆರೆದಿದೆ, ಅದಕ್ಕೆ ಆರ್.ಪಿ.ಎಲ್. ಎಂದು ಹೆಸರು. ಗಂಧ ಬಳಿದು ನೋಡುವ ಪರೀಕ್ಷೆಗೆ ಇದು ಹತ್ತಿರವಾದುದು. ಇದರ ಸುದ್ದಿಯೇ ತಾಲ್ಲೂಕಿನ ಕೇಂದ್ರಗಳನ್ನು ಸರಿಯಾಗಿ ಮುಟ್ಟಿಲ್ಲವೆಂಬುದು ನನ್ನ ಆಕ್ಷೇಪ.

ಹೇಳಲು ಸಂಕಟವಾಗುವ ಒಂದು ವಿಷಯವಿದೆ. ನಮ್ಮ ರಾಜ್ಯದಲ್ಲಿ ಎಪ್ಪತ್ತರ ದಶಕದ ಕೊನೆಯಲ್ಲಿಯೇ ಪದವಿಪೂರ್ವ ಮಟ್ಟದಲ್ಲಿ ವೃತ್ತಿಶಿಕ್ಷಣವು ಪ್ರಾರಂಭವಾಯಿತು. ದೇಶದಲ್ಲಿ ಮೊದಲು ಹೆಜ್ಜೆಯಿಟ್ಟವರಲ್ಲಿ ನಾವೂ ಸೇರಿದ್ದೆವು. ಜೆ.ಓ.ಸಿ. ಎಂದರೆ ನಿಮಗೆಲ್ಲರಿಗೂ ತಿಳಿಯುತ್ತದೆ. ಆದರೆ ಕಲಿಸಲು ಬಂದವರನ್ನು ಅರೆಕಾಲದ ನೌಕರರನ್ನಾಗಿಯೇ ಇರಿಸಿದರು. ವರ್ಷಗಳು ಉರುಳಿದವು, ತರಗತಿಗಳು ಮುಚ್ಚಿದವು, ಕೊನೆಗೆ ಆ ಅಧ್ಯಾಪಕರನ್ನು ಬೇರೆ ಇಲಾಖೆಗಳಿಗೆ ಸೇರಿಸಿಕೊಳ್ಳುವುದಕ್ಕಾಗಿ 2011ರಲ್ಲಿ ಒಂದು ವಿಶೇಷ ಶಾಸನವನ್ನೇ ಮಾಡಬೇಕಾಯಿತು. ಅವರಿಗೆ ಜೀವನವು ದೊರೆತುದು ನ್ಯಾಯವೇ. ಆದರೆ ಕಸಬನ್ನು ಕಲಿಸಿ ಪಳಗಿದವರು ಕಡತಗಳ ಹಿಂದೆ ಕುಳಿತರು. ಅವರ ಯೋಗ್ಯತೆಗೆ ನಾಡಿನಲ್ಲೆಲ್ಲ ಮಾನ್ಯವಾದ ಒಂದು ಸನ್ನದಿದ್ದಿದ್ದರೆ, ಅವರ ತರಗತಿಯು ಮುಚ್ಚಿದರೂ ಅವರ ವಿದ್ಯೆಯು ಇನ್ನೊಂದು ಶಾಲೆಯ ಬಾಗಿಲನ್ನು ತಟ್ಟಬಹುದಾಗಿತ್ತು.

ಅದೇ ತಪ್ಪು ಈಗ ಬೇರೆ ವೇಷದಲ್ಲಿ ಬಂದಿದೆ. 2013ನೆಯ ಡಿಸೆಂಬರಿನಲ್ಲಿ ಅರ್ಹತೆಗಳ ರಾಷ್ಟ್ರೀಯ ಚೌಕಟ್ಟು ಪ್ರಕಟವಾದಮೇಲೆ, ಪ್ರೌಢಶಾಲೆಗಳಲ್ಲಿಯೂ 9ನೆಯ ತರಗತಿಯಿಂದ ಕಸಬಿನ ಪಾಠಗಳು ಬಂದಿವೆ. ಅನೇಕ ರಾಜ್ಯಗಳಲ್ಲಿ ಇದನ್ನು ಕಲಿಸುವವರನ್ನು ಇಲಾಖೆಯು ನೇರವಾಗಿ ನೇಮಿಸದೆ ಖಾಸಗಿ ಗುತ್ತಿಗೆದಾರರ ಮೂಲಕ ತರಿಸಿಕೊಳ್ಳುತ್ತದೆ. ಉಪಾಧ್ಯಾಯರ ಕೊಠಡಿಯಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತವನಿಗೆ ಟಿ.ಇ.ಟಿ.ಯೂ ಇಲ್ಲ, ಬಿ.ಎಡ್.ಉ ಇಲ್ಲ, ಭದ್ರತೆಯೂ ಇಲ್ಲ. ಗುತ್ತಿಗೆಯು ಮುಗಿದರೆ ಬರುವ ವರ್ಷ ಅವನೂ ಇಲ್ಲ. ಅವನನ್ನು ಕೀಳಾಗಿ ಕಾಣಬೇಡಿರೆಂದು ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಅವನ ಸ್ಥಿತಿಗೆ ಅವನು ಕಾರಣನಲ್ಲ. ಅಕ್ಷರದ ಮೇಷ್ಟ್ರಿಗೆ ಒಂದು ಪಂಕ್ತಿ, ಹೊಲಿಗೆಯ ಉಪಾಧ್ಯಾಯಿನಿಗೆ ಇನ್ನೊಂದು ಪಂಕ್ತಿ ಎಂಬ ಭಾವವು ನಮ್ಮ ಹಳೆಯ ಜಾತಿಯ ಗರ್ವದ ಮರಿ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಕೈಕಸಬನ್ನೇ ಶಿಕ್ಷಣದ ನಡುವೆ ನಿಲ್ಲಿಸಿದಾಗ, ಜಾಕಿರ್ ಹುಸೇನರ ಸಮಿತಿಯು ಪಾಠಪಟ್ಟಿಯನ್ನು ಬರೆದಾಗ, ಒಬ್ಬನೇ ಉಪಾಧ್ಯಾಯನು ನೂಲುವುದನ್ನೂ ಓದುವುದನ್ನೂ ಕಲಿಸುವನೆಂಬ ಕನಸಿತ್ತು. ಅದು ಪೂರ್ತಿಯಾಗಿ ನನಸಾಗದೆ ಹೋದುದಕ್ಕೆ ಅನೇಕ ಕಾರಣಗಳುಂಟು. ಎರಡನ್ನೂ ಬಲ್ಲ ಉಪಾಧ್ಯಾಯರನ್ನು ಸಾಕಷ್ಟು ತಯಾರಿಸದೆ ಹೋದುದು ಅವುಗಳಲ್ಲಿ ಮುಖ್ಯವಾದುದೆಂದು ನಾನು ಎಣಿಸುತ್ತೇನೆ.

ಪತ್ರಕ್ಕೂ ಅನುಭವಕ್ಕೂ ವೈರವಿಲ್ಲವೆಂಬುದಕ್ಕೆ ಗುಬ್ಬಿಯವರಾದ ನೀವು ಬಹುದೂರ ಹೋಗಬೇಕಾದುದಿಲ್ಲ. ವೀರಣ್ಣನವರ ನಾಟಕದ ಕಂಪನಿಯು ಒಂದು ದೊಡ್ಡ ಔದ್ಯೋಗಿಕ ಶಾಲೆಯೇ ಆಗಿತ್ತು. ಪರದೆ ಬರೆಯುವುದು, ದೀಪ ಹೊಂದಿಸುವುದು, ಮರಗೆಲಸ, ಬಣ್ಣ, ಸಂಗೀತ, ಅಭಿನಯ, ಎಲ್ಲವನ್ನೂ ಅಲ್ಲಿ ನೋಡಿ ಮಾಡಿ ಕಲಿತರು. ಅಲ್ಲಿ ಬೆಳೆದವರ ಹೆಸರುಗಳನ್ನು ಹೇಳಹೊರಟರೆ ಸಂಜೆಯಾದೀತು. ಸನ್ನದಿಲ್ಲದ ಶಾಲೆ! ಆದರೂ ಆ ಕಂಪನಿಗೆ ಹುಡುಗನಾಗಿ ಬಂದ ಬಿ. ವಿ. ಕಾರಂತರನ್ನು ಎಂ.ಎ. ಓದಲೆಂದು ಕಾಶಿಗೆ ಕಳುಹಿಸಿಕೊಟ್ಟವರು ಇದೇ ವೀರಣ್ಣನವರು. ತಮಗೆ ಪದವಿಯಿಲ್ಲವೆಂದು ಅವರು ಪದವಿಯನ್ನು ಹಳಿಯಲಿಲ್ಲ.

ಇನ್ನು ಭಾಷೆಯ ಮಾತು. ಕಸಬಿನ ಪುಸ್ತಕಗಳನ್ನು ಪ್ರಕಟಿಸಲು 1986ರಲ್ಲಿ ಮದರಾಸಿನಲ್ಲಿ ಹುಟ್ಟಿದ ಕೇಂದ್ರದ ಸಂಸ್ಥೆಯು ಕೆಲವು ಕಸಬುಗಳ ಪುಸ್ತಕಗಳನ್ನು ಕನ್ನಡದಲ್ಲಿಯೂ ತಂದಿದೆ. ಒಳ್ಳೆಯದು. ಆದರೆ ಪುಸ್ತಕವು ಕನ್ನಡದಲ್ಲಿದ್ದು ಬೋಧಕನ ಬಾಯಿಯಲ್ಲಿ ಕನ್ನಡವಿಲ್ಲದಿದ್ದರೆ ಫಲವೇನು? ನಾನು ಪದಗಳ ಮಡಿಯನ್ನು ಬೋಧಿಸುವವನಲ್ಲ. ವರ್ನಿಯರು ವರ್ನಿಯರೆಂದೇ ಇರಲಿ, ಲೇತು ಲೇತೆಂದೇ ಇರಲಿ. ಅರ, ಬೈರಿಗೆ, ಇಕ್ಕಳ, ತಿದಿ, ಅಡಿಗಲ್ಲು ಎಂಬ ಮಾತುಗಳು ಕುಲುಮೆಯಲ್ಲಿ ಇನ್ನೂ ಬದುಕಿರುವಾಗ ಅವುಗಳನ್ನು ನಾಚಿಕೊಂಡು ಬಿಡಬೇಕಾದುದೂ ಇಲ್ಲ. ನನ್ನ ಮುಖ್ಯವಾದ ಮಾತು ಬೇರೆ. ಹಳ್ಳಿಯಿಂದ ಬಂದ ಹುಡುಗನು 'ಏಕೆ' ಎಂದು ಕೇಳುವುದು ಕನ್ನಡದಲ್ಲಿ. ಅದಕ್ಕೆ ಕನ್ನಡದಲ್ಲಿ ಉತ್ತರ ಹೇಳಬಲ್ಲವನೇ ಬೋಧಕನು. ಅರೆಬರೆ ಇಂಗ್ಲಿಷಿನಲ್ಲಿ ಸೂತ್ರವನ್ನು ಒಪ್ಪಿಸಿ ಮುಗಿಸಿದರೆ, ಹುಡುಗನು ಅದನ್ನು ಉರುಹೊಡೆದು ಪತ್ರವನ್ನು ಪಡೆಯುತ್ತಾನೆ, ಕಾರ್ಖಾನೆಯ ಬಾಗಿಲಿನಲ್ಲಿ ಸೋಲುತ್ತಾನೆ. ಬೋಧಕನ ಸನ್ನದಿನ ಪರೀಕ್ಷೆಯಲ್ಲಿ ಒಂದು ಪಾಠವನ್ನಾದರೂ ಈ ರಾಜ್ಯದ ಹುಡುಗರ ಮುಂದೆ, ಅವರ ಮಾತಿನಲ್ಲಿ, ಯಂತ್ರದ ಬಳಿ ನಿಂತು ಹೇಳಿ ತೋರಿಸಬೇಕು. ಮಟ್ಟವನ್ನು ದಿಲ್ಲಿಯವರು ಗೊತ್ತುಮಾಡಲಿ. ಈ ಒಂದು ಭಾಗವನ್ನು ನೋಡುವ ಅಧಿಕಾರವು ರಾಜ್ಯದ್ದಾಗಲಿ.

ಇದು ಪ್ರಾಂತಾಭಿಮಾನವೆಂದು ಆಕ್ಷೇಪಿಸುವವರು ಉಂಟು. ಬೇರೆ ರಾಜ್ಯದಿಂದ ಬಂದ ನುರಿತ ಬೋಧಕನನ್ನು ಇದರಿಂದ ಹೊರಗೆ ನಿಲ್ಲಿಸಿದಂತಾಗುವುದಿಲ್ಲವೇ ಎಂದು ಕೇಳುತ್ತಾರೆ. ನಿಲ್ಲಿಸಬೇಕಾದುದಿಲ್ಲ. ಎರಡು ವರ್ಷದ ಅವಕಾಶವನ್ನು ಕೊಟ್ಟರೆ, ಮೈಕ್ರೋಮೀಟರನ್ನು ಬಲ್ಲವನಿಗೆ ಕನ್ನಡವು ಬಾರದಷ್ಟು ಕಠಿಣವಾದುದಲ್ಲ.

ಯಂತ್ರಗಳ ವಿಷಯದಲ್ಲಿ ಸರ್ಕಾರವು ಕೈ ಬಿಗಿಹಿಡಿದಿಲ್ಲವೆಂಬುದನ್ನೂ ಹೇಳಬೇಕು. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಂಸ್ಥೆಯ ಸಹಯೋಗದಲ್ಲಿ 4,636 ಕೋಟಿ ರೂಪಾಯಿಗಳ ಯೋಜನೆಯಿಂದ ಹೊಸದಾಗಿ ಸಜ್ಜುಗೊಳಿಸಿದ್ದಾರೆ. ಗಣಕದಿಂದ ನಡೆಯುವ ಯಂತ್ರಗಳು, ರೋಬಾಟುಗಳು ಬಂದಿವೆ. ಹತ್ತು ವರ್ಷದ ಹಿಂದೆ ಪತ್ರವನ್ನು ಪಡೆದ ಬೋಧಕನು ಇವುಗಳ ಮುಂದೆ ತಾನೇ ವಿದ್ಯಾರ್ಥಿ. ಆದುದರಿಂದ ಸನ್ನದೆಂಬುದು ಒಮ್ಮೆ ಪಡೆದು ಗೋಡೆಗೆ ತೂಗುಹಾಕುವ ಪಟವಾಗಬಾರದು. ಐದು ವರ್ಷಕ್ಕೊಮ್ಮೆ ಬೋಧಕನು ಕೆಲವು ವಾರ ಕಾರ್ಖಾನೆಯಲ್ಲಿ ದುಡಿದು ಬರಬೇಕು, ಸಂಬಳವು ನಿಲ್ಲಬಾರದು. ಈ ಎರಡನೆಯ ಮಾತಿಲ್ಲದೆ ಮೊದಲನೆಯದನ್ನು ವಿಧಿಸಿದರೆ ಅದು ದಂಡವಾಗುತ್ತದೆ. ಇದೇ ತುಮಕೂರಿನಲ್ಲಿ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯಿತ್ತು. ಆ ಗಡಿಯಾರದ ಕಂಪನಿಯನ್ನು ಮುಚ್ಚಲು 2016ನೆಯ ಜನವರಿಯಲ್ಲಿ ಕೇಂದ್ರವು ಒಪ್ಪಿತು. ಸಾಸುವೆ ಕಾಳಿನಷ್ಟು ತಿರುಪನ್ನು ಕೂರಿಸುವ ಕೈಗಳು ನಮ್ಮ ಬೀದಿಗಳಲ್ಲಿಯೇ ಮನೆ ಸೇರಿದವು. ಅಂಥವರನ್ನು ಶಾಲೆಗೆ ಕರೆತರುವುದಕ್ಕೆ ನಮ್ಮ ನಿಯಮಗಳಲ್ಲಿ ಆಗ ಸುಲಭವಾದ ಬಾಗಿಲಿರಲಿಲ್ಲ. ಕೇಂದ್ರದ 2020ರ ಶಿಕ್ಷಣನೀತಿಯು, ಸ್ಥಳೀಯ ಕುಶಲಿಗಳನ್ನು ಶಾಲೆಗಳಲ್ಲಿ ಬೋಧಕರನ್ನಾಗಿ ಬಳಸಿಕೊಳ್ಳಬಹುದೆಂದೂ, 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದೂ ಹೇಳಿದೆ. ನೀತಿಯ ಬೇರೆ ಭಾಗಗಳ ವಿಷಯದಲ್ಲಿ ಯಾರ ಅಭಿಪ್ರಾಯ ಏನೇ ಇರಲಿ, ಈ ಮಾತನ್ನು ಹಿಡಿದುಕೊಳ್ಳಲು ಅಡ್ಡಿಯಿಲ್ಲ.

ಕೊನೆಯದಾಗಿ ಒಂದು ಕೆಲಸವನ್ನು ನಿಮಗೆ ಒಪ್ಪಿಸುತ್ತೇನೆ. ಗುಬ್ಬಿ, ಕುಣಿಗಲು, ತುಮಕೂರು ತಾಲ್ಲೂಕುಗಳಲ್ಲಿ ನಿಮ್ಮ ನಿಮ್ಮ ಶಾಲೆಯ ಸುತ್ತ ಇರುವ ನುರಿತ ಕಸಬುದಾರರ ಪಟ್ಟಿಯೊಂದನ್ನು ಬರೆಯಿರಿ. ಯಾರಿಗೆ ಐ.ಟಿ.ಐ. ಪತ್ರವಿದೆ, ಯಾರಿಗೆ ಇಲ್ಲ, ಎಷ್ಟು ವರ್ಷದ ಅನುಭವ, ಕಲಿಸುವ ಮನಸ್ಸಿದೆಯೇ ಎಂಬಿಷ್ಟು ಸಾಕು. ಪತ್ರವಿರುವವರಿಗೆ ಆರ್.ಪಿ.ಎಲ್. ಪರೀಕ್ಷೆಯ ದಾರಿಯನ್ನು ತಿಳಿಸಿರಿ. ಪಟ್ಟಿಯ ಜತೆಗೆ ಒಂದು ಅರಿಕೆಯನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ ಕಳುಹಿಸೋಣ: ಆ ಪರೀಕ್ಷೆಯನ್ನು ಜಿಲ್ಲೆಯ ಕೇಂದ್ರದಲ್ಲಿಯೇ ನಡೆಯಿಸಬೇಕು, ದುಡಿಮೆಯನ್ನು ಬಿಟ್ಟು ಬೋಧಕ ತರಬೇತಿಗೆ ಹೋಗುವವನಿಗೆ ಆ ವರ್ಷ ಜೀವನವೇತನವನ್ನು ಕೊಡಬೇಕು, ಪ್ರೌಢಶಾಲೆಯ ಕಸಬಿನ ಬೋಧಕನನ್ನು ಗುತ್ತಿಗೆದಾರನ ಮೂಲಕವಲ್ಲದೆ ಅರ್ಹತೆಯ ಮೂಲಕ ನೇಮಿಸಬೇಕು, ಬೋಧಕನು ಕನ್ನಡದಲ್ಲಿ ಪಾಠ ಹೇಳಿ ತೋರಿಸಬೇಕು. ಅರಿಕೆಯ ಕರಡನ್ನು ಬರೆದು ತಂದಿದ್ದೇನೆ. ಅಧ್ಯಕ್ಷರ ಅಪ್ಪಣೆಯಾದರೆ ಅದನ್ನು ಈಗ ಓದುತ್ತೇನೆ. ತಿದ್ದಬೇಕಾದುದನ್ನು ಇಲ್ಲಿಯೇ ತಿದ್ದಿ, ಒಪ್ಪಿದವರು ಸಹಿ ಮಾಡಬಹುದು.